ಟಗರುಮರಿ: ಬೀಜ ಒಡೆಸಬೇಕೇ, ಮೇವು ಕಡಿತಗೊಳಿಸಬಹುದೇ?

ನಮ್ಮ ಮನ್ಮನೆ ಕಡೆಯ ಮಳೆ, ಕೆಸರು ಕುರಿಗೆ ಒಗ್ಗುವುದಿಲ್ಲ, ಗೊರಸು ಕೊಳೆಯುತ್ತದೆ. ಆದರೆ ತೋಟದ ಗೊಬ್ಬರಕ್ಕೆಂದು ನಾಲ್ಕಾರು ಟಗರುಮರಿ ತಂದು, ಸಾಕಿ, ಮಳೆಗಾಲಕ್ಕೆ ಮೊದಲು ಮಾರಬಯಸುವ ಸದಸ್ಯರು ಕೆಲವು ಸಂಗತಿಗಳನ್ನು ಲಕ್ಷಿಸಬೇಕು.

ಬೀಜವಿರುವ ಮರಿ ವೃಷಣದ ಹಾರ್ಮೋನಿನಿಂದಾಗಿ ಬೇಗ ಬೆಳೆಯುತ್ತದೆ. ತಿಂದ ಮೇವು ಹೆಚ್ಚಾಗಿ ಮಾಂಸವಾಗುತ್ತದೆ. ಬೀಜ ಒಡೆಸಿದ್ದು ಸಾಧುವಾಗುತ್ತದೆ ನಿಜ, ಆದರೆ ಬೆಳವಣಿಗೆ ನಿಧಾನ, ಕೊಬ್ಬು ಹೆಚ್ಚು. ವರ್ಷದೊಳಗೆ ಮಾರುವ ಮರಿಗೆ ಇದರಿಂದ ಲಾಭವಿಲ್ಲ. ಹೆಣ್ಣುಕುರಿಗಳ ಜೊತೆ ಬಿಡುವುದಾದರೆ ಪಶುವೈದ್ಯರಿಂದ ಬರ್ಡಿಜೊ ಇಕ್ಕಳದಲ್ಲಿ ಮಾಡಿಸಬೇಕು.

ಮೇವು ಸಾಲದಾದಾಗ ಮೊದಲು ಕೊಬ್ಬು ಕರಗುತ್ತದೆ, ಆಮೇಲೆ ಮಾಂಸ. ಕೊರತೆ ಅಲ್ಪಕಾಲದ್ದಾದರೆ, ಮುಂದೆ ಒಳ್ಳೆಯ ಮೇವು ಸಿಕ್ಕಾಗ ಮರಿ ವೇಗವಾಗಿ ಬೆಳೆದು ಅದನ್ನು ತುಂಬಿಕೊಳ್ಳುತ್ತದೆ. ಆದ್ದರಿಂದ ಬಡಕಲಾದರೂ ಆರೋಗ್ಯವಿರುವ ಮರಿಯನ್ನು ಕೊಳ್ಳಬಹುದು. ಎಳೆತನದಲ್ಲೇ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಮರಿ ಮಾತ್ರ ಗಿಡ್ಡಾಗಿಯೇ ಉಳಿಯುತ್ತದೆ. ಹಿಂಡಿ, ಕಾಳನ್ನು ಎರಡು ವಾರಗಳಲ್ಲಿ ಕ್ರಮೇಣ ಏರಿಸಬೇಕು. ಒಮ್ಮೆಲೇ ಸುರಿದರೆ ಹೊಟ್ಟೆಯುಬ್ಬರ, ಕರುಳುಬೇನೆ ಬಂದು ಮರಿಯೇ ಹೋದೀತು.

ಕೊನೆಯದಾಗಿ ತೂಕದ ಮಾತು. 25 ಕಿಲೋ ಮರಿಯಲ್ಲಿ ನೂರಕ್ಕೆ 48ರಂತೆ 12 ಕಿಲೋ ಮಾಂಸ ಸಿಗುತ್ತದೆಂದು ಇಟ್ಟುಕೊಳ್ಳೋಣ. ಬರಿಯ ಒಣಹುಲ್ಲು ತಿಂದ ಮರಿಯಲ್ಲಿ ಹೊಟ್ಟೆಯ ಭಾರವೇ ಹೆಚ್ಚು. ಅಷ್ಟು ಮಾಂಸ ಬಾರದು. ಬನ್ನೂರು ಕುರಿ ಮಾಂಸಕ್ಕೆ ಹೆಸರಾದುದು ಗಿಡ್ಡ ಕಾಲು, ತುಂಬಿದ ತೊಡೆಗಳಿಂದ. ಕೊಳ್ಳುವಾಗ ನಾವೂ ಹೊಟ್ಟೆ ನೋಡಿ ಮರುಳಾಗದೆ, ಸೊಂಟ, ತೊಡೆ ಮುಟ್ಟಿ ನೋಡಿಯೇ ಬೆಲೆ ಕಟ್ಟೋಣ.