ಫ್ಯೂಸ್ ಕಾಯುವುದು ಯಾವುದನ್ನು? ಒಂದು ಅಭ್ಯಾಸ ಪಾಠದ ಅನುಭವ

ತರಗತಿ: 10. ವಿಷಯ: ವಿಜ್ಞಾನ. ಘಟಕ: ವಿದ್ಯುಚ್ಛಕ್ತಿ. ಕಲಿಕಾಂಶ: ವಿದ್ಯುತ್ ಪ್ರವಾಹದ ಉಷ್ಣ ಪರಿಣಾಮ ಮತ್ತು ಫ್ಯೂಸ್.

ಯಲಹಂಕದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ಹೋಗಿದ್ದಾಗ ಈ ಪಾಠ ನನ್ನ ಪಾಲಿಗೆ ಬಂತು. ಪಠ್ಯಪುಸ್ತಕದ ಉದಾಹರಣೆಯಿಂದಲೇ ಆರಂಭಿಸಿದೆ. 1 ಕಿಲೋವ್ಯಾಟ್ ಇಸ್ತ್ರಿಪೆಟ್ಟಿಗೆ 220 ವೋಲ್ಟ್‌ನಲ್ಲಿ 4.54 ಆಂಪಿಯರ್ ಎಳೆಯುತ್ತದೆ, ಆದ್ದರಿಂದ 5 ಆಂಪಿಯರ್ ಫ್ಯೂಸ್ ಬೇಕು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಮಿಸ್, ನಮ್ಮಣ್ಣ ಆರ್.ಟಿ. ನಗರದಲ್ಲಿ ಕಾರಿಗೆ ಸೌಂಡ್ ಸಿಸ್ಟಂ ಹಾಕೋ ಕೆಲಸ ಮಾಡ್ತಾನೆ. ಒಂದು ಕಾರಲ್ಲಿ ಆಂಪ್ಲಿಫೈಯರ್ ಫ್ಯೂಸ್ ಹೋಗ್ತಾನೇ ಇತ್ತು. 30 ತೆಗೆದು 60 ಹಾಕಿದ. ಈಗ ಹೋಗ್ತಿಲ್ಲ. ಸರೀನಾ?”

ಆಂಪ್ಲಿಫೈಯರ್ ಎಷ್ಟು ವ್ಯಾಟ್ ಎಂದು ಕೇಳಿದೆ. 400 ಎಂದ. 400ನ್ನು 12ರಿಂದ ಭಾಗಿಸಿ, 33 ಆಂಪಿಯರ್ ಎಂದು ಕಪ್ಪುಹಲಗೆಯ ಮೇಲೆ ಬರೆದು, “30 ಸಾಲದು, 60 ಸರಿ” ಎಂದುಬಿಟ್ಟೆ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ಗಂಟೆ ಹೊಡೆದ ಮೇಲೆ ಒಂದೇ ಮಾತು ಕೇಳಿದರು: “ತಂತಿ ಎಷ್ಟು ದಪ್ಪ ಅಂತ ಕೇಳಿದ್ರಾ?”

ಕೇಳಿರಲಿಲ್ಲ. ಫ್ಯೂಸ್ ಉಪಕರಣವನ್ನು ಕಾಯುತ್ತದೆ ಎಂದಷ್ಟೇ ನನ್ನ ಪಾಠ ಯೋಜನೆಯಲ್ಲಿತ್ತು. ಆದರೆ ಬ್ಯಾಟರಿಯಿಂದ ಡಿಕ್ಕಿಯವರೆಗೆ ಕಾರ್ಪೆಟ್ ಕೆಳಗೆ ಹೋಗುವ ತಂತಿಗೆ ಹಾಕುವ ಫ್ಯೂಸ್ ಮೊದಲು ಕಾಯಬೇಕಾದದ್ದು ಆ ತಂತಿಯನ್ನು. ತಂತಿ ತಾಳುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ, ಫ್ಯೂಸ್ ಕರಗುವ ಮೊದಲೇ ತಂತಿಯ ಹೊದಿಕೆ ಕರಗಬಹುದು, ಬೆಂಕಿ ಹೊತ್ತಬಹುದು. ನನ್ನ ತಪ್ಪು ಉತ್ತರ ಸಂಜೆಗೆ ಆ ಹುಡುಗನ ಮನೆ ಸೇರುತ್ತದೆ, ಅಲ್ಲಿಂದ ಯಾರದೋ ಕಾರನ್ನು. ಊಟದ ಬಿಡುವಿನಲ್ಲಿ ಅವನನ್ನು ಹುಡುಕಿ, “ನಾನು ಹೇಳಿದ್ದು ಪೂರ್ತಿ ಸರಿಯಲ್ಲ. ಅಣ್ಣನಿಗೆ ಇವತ್ತೇ ಹೇಳು. ನಾಳೆ ಆ ತಂತಿಯ ತುಂಡು ತಾ” ಎಂದೆ.

ಮರುದಿನ ತಂದ. ಮನೆ ವೈರಿಂಗಿಗೆ ಬಳಸುವ 4 ಚದರ ಮಿ.ಮೀ. ತಾಮ್ರದ ತಂತಿ. ಅದು ತಾಳುವುದು ಸುಮಾರು 30 ಆಂಪಿಯರ್. ಉದ್ದ 5 ಮೀಟರ್ ಎಂದುಕೊಂಡು, ಪಠ್ಯಪುಸ್ತಕದಲ್ಲಿರುವ ತಾಮ್ರದ ರೋಧಶೀಲತೆಯನ್ನೇ ಬಳಸಿ ಮಕ್ಕಳಿಂದ ಲೆಕ್ಕ ಮಾಡಿಸಿದೆ. ರೋಧ ಸುಮಾರು 0.02 ಓಮ್. ಜೌಲ್‌ನ ನಿಯಮದಂತೆ ಪ್ರತಿ ಸೆಕೆಂಡಿಗೆ ತಂತಿಯಲ್ಲಿ ಹುಟ್ಟುವ ಉಷ್ಣ:

4 ಚ.ಮಿ.ಮೀ., 30 ಆಂಪಿಯರ್: 18 ಜೌಲ್
4 ಚ.ಮಿ.ಮೀ., 60 ಆಂಪಿಯರ್: 73 ಜೌಲ್
16 ಚ.ಮಿ.ಮೀ., 60 ಆಂಪಿಯರ್: 18 ಜೌಲ್

ಪ್ರವಾಹ ಎರಡರಷ್ಟಾದರೆ ಉಷ್ಣ ನಾಲ್ಕರಷ್ಟು. ತಂತಿಯ ಅಡ್ಡಕೊಯ್ತವನ್ನೂ ನಾಲ್ಕರಷ್ಟು ಮಾಡಿದರೆ ಉಷ್ಣ ಮತ್ತೆ ಮೊದಲಿನಷ್ಟೇ. ಈ ಮೂರು ಸಾಲು ನೋಡಿ ಆ ಹುಡುಗನೇ ಹೇಳಿದ: “ಹಂಗಾದ್ರೆ 60 ತಪ್ಪಲ್ಲ ಮಿಸ್, ತಂತಿ ತಪ್ಪು.”

ಬಳಿಕ ತರಗತಿಯಲ್ಲಿ ಎಲ್ಲರೂ ಸೇರಿ ಕ್ರಮವನ್ನು ಹೀಗೆ ಬರೆದೆವು.

1. ಮೊದಲು ಎಳೆಯುವ ಪ್ರವಾಹ. 400 ವ್ಯಾಟ್ ಎಂಬುದು ಸ್ಪೀಕರಿಗೆ ಸಿಗುವ ಸಾಮರ್ಥ್ಯ. ಆಂಪ್ಲಿಫೈಯರಿನ ದಕ್ಷತೆ ಶೇ. 50 ಆದರೆ ಬ್ಯಾಟರಿಯಿಂದ ಎಳೆಯುವುದು 800 ವ್ಯಾಟ್. ಎಂಜಿನ್ ಓಡುವಾಗಿನ 13.8 ವೋಲ್ಟ್‌ನಿಂದ ಭಾಗಿಸಿದರೆ 58 ಆಂಪಿಯರ್. ನನ್ನ 33 ಇಲ್ಲೂ ತಪ್ಪಿತ್ತು.
2. ಆ ಪ್ರವಾಹವನ್ನು ತಾಳುವ ತಂತಿ. ಇಲ್ಲಿ 16 ಚ.ಮಿ.ಮೀ.
3. ಕೊನೆಗೆ ಫ್ಯೂಸ್. ಎಳೆಯುವ ಪ್ರವಾಹಕ್ಕಿಂತ ಕಡಿಮೆ ಇರಬಾರದು, ತಂತಿ ತಾಳುವುದಕ್ಕಿಂತ ಹೆಚ್ಚಿರಬಾರದು. ಇಲ್ಲಿ 60.
4. ಜಾಗ. ಬ್ಯಾಟರಿಯ ಧನ ತುದಿಯಿಂದ ಸುಮಾರು 45 ಸೆಂ.ಮೀ. ಒಳಗೆ. ತಂತಿ ಸವೆದು ಕಾರಿನ ಲೋಹದ ಮೈಗೆ ತಾಗಿದರೆ ಹ್ರಸ್ವಮಂಡಲವಾಗುತ್ತದೆ. ಫ್ಯೂಸ್ ಡಿಕ್ಕಿಯಲ್ಲಿದ್ದರೆ ನಡುವಿನ ತಂತಿಗೆ ರಕ್ಷಣೆಯೇ ಇಲ್ಲ.

ಅಣ್ಣ ಆ ಕಾರಿನವರಿಗೆ ಫೋನ್ ಮಾಡಿ, ತಂತಿ ಬದಲಾಯಿಸುವವರೆಗೆ ಫ್ಯೂಸ್ ತೆಗೆದಿಡಲು ಹೇಳಿದ್ದಾನೆಂದು ಹುಡುಗ ತಿಳಿಸಿದ. ನನಗೆ ಸಮಾಧಾನವಾಯಿತು.

ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ಫ್ಯೂಸ್ ಲೆಕ್ಕಕ್ಕೆ ಮೊದಲು ಒಂದು ತಂತಿಯ ತುಂಡನ್ನು ಮಕ್ಕಳ ಕೈಗೆ ಕೊಡಿ. ಮೌಲ್ಯಮಾಪನಕ್ಕೆ ನಾನೀಗ ಕೇಳುವ ಪ್ರಶ್ನೆ: “ಫ್ಯೂಸ್ ಪದೇಪದೇ ಹೋಗುತ್ತಿದೆ. ದೊಡ್ಡದು ಹಾಕುವ ಮೊದಲು ಏನನ್ನು ನೋಡುತ್ತೀರಿ?”