ರಸ್ತೆ ಮುಚ್ಚುವ ಮುನ್ನ ಒಂದು ಪೈಪು

ಹೆದ್ದಾರಿ ಬದಿಯಲ್ಲಿ ಓಎಫ್‌ಸಿ (ಆಪ್ಟಿಕಲ್ ಫೈಬರ್) ಕೇಬಲ್ ಹಾಕಿಸುವುದರಲ್ಲೇ ನನ್ನ ನೌಕರಿಯ ಬಹುಪಾಲು ಕಳೆದಿದೆ. ಸೈಟಿಗೆ ಹೊಸದಾಗಿ ಬರುವ ಎಂಜಿನಿಯರ್‌ಗಳಿಗೆ ನಾನು ಹೇಳುವ ಮಾತುಗಳಿವು.

1. ದುಡ್ಡೆಲ್ಲ ಅಗೆತಕ್ಕೇ ಹೋಗುತ್ತದೆ. ಫೈಬರ್ ಅಗ್ಗ. ಜೆಸಿಬಿ ಬಾಡಿಗೆ, ಬಂಡೆ ಸಿಕ್ಕಲ್ಲಿ ಬ್ರೇಕರ್, ಡಾಂಬರಿನ ಅಡಿಯಲ್ಲಿ ಕೊರೆಯುವ ಯಂತ್ರ, ಕಿತ್ತ ರಸ್ತೆಯ ದುರಸ್ತಿಗೆ ಕಟ್ಟುವ ಹಣ, ಮೇಲೆ ಬ್ಯಾಂಕ್ ಗ್ಯಾರಂಟಿ, ಹೀಗೆ ಬಿಲ್ಲು ಬೆಳೆಯುತ್ತದೆ. ಹೆದ್ದಾರಿ ಅಗಲ ಮಾಡುವಾಗ ಮಣ್ಣು ಹೇಗೂ ತೆರೆದಿರುತ್ತದೆ. ಆಗಲೇ ಎರಡೋ ಮೂರೋ ಖಾಲಿ ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪು ಹೂತಿಟ್ಟರೆ, ಆಮೇಲೆ ಕಂಪ್ರೆಸರ್ ಗಾಳಿಯಿಂದ ಕೇಬಲನ್ನು ಒಂದು ಚೇಂಬರಿನಿಂದ (ಕೇಬಲ್ ಹೊರತೆಗೆಯಲು ಬಿಡುವ ಗುಂಡಿ) ಇನ್ನೊಂದಕ್ಕೆ ಊದಿ ಕಳಿಸಿದರಾಯಿತು. ಅಮೆರಿಕದಲ್ಲಿ 2012ರಲ್ಲಿ ಹೆದ್ದಾರಿ ಕೆಲಸದ ಜೊತೆಗೇ ಬ್ರಾಡ್‌ಬ್ಯಾಂಡ್ ಪೈಪು ಹಾಕುವ ಬಗ್ಗೆ ಅಧ್ಯಕ್ಷ ಒಬಾಮ ಹೊರಡಿಸಿದ ಆದೇಶದ ಹಿಂದಿದ್ದದ್ದೂ ಇದೇ ಲೆಕ್ಕಾಚಾರ.

2. ಎಸ್ಟಿಮೇಟಿನಲ್ಲಿಲ್ಲದ ಪೈಪನ್ನು ಯಾವ ಗುತ್ತಿಗೆದಾರನೂ ಹಾಕುವುದಿಲ್ಲ. ಡಿಪಿಆರ್ (ವಿವರವಾದ ಯೋಜನಾ ವರದಿ) ಹಂತದಲ್ಲೇ ಅದು ಸೇರಬೇಕು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2023ರಲ್ಲಿ ಸುಮಾರು 10,000 ಕಿ.ಮೀ. ಫೈಬರ್ ಜಾಲದ ಯೋಜನೆ ಪ್ರಕಟಿಸಿ, ಪ್ರಯೋಗಕ್ಕೆ 1,367 ಕಿ.ಮೀ. ಉದ್ದದ ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇಯನ್ನೂ 512 ಕಿ.ಮೀ. ಉದ್ದದ ಹೈದರಾಬಾದ್–ಬೆಂಗಳೂರು ಕಾರಿಡಾರನ್ನೂ ಆರಿಸಿತು. ಒಳ್ಳೆಯ ಹೆಜ್ಜೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗಳ ಡಿಪಿಆರ್‌ನಲ್ಲೂ ಪೈಪು ಸೇರಿಸುವ ನಿಯಮ ಬರಬೇಕೆಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ.

3. ಊರಿಗೆ ತಿರುಗುವಲ್ಲಿ ಚೇಂಬರ್ ಇರಲಿ. ಉದ್ದದ ಲೆಕ್ಕ ಎಲ್ಲರೂ ಕೊಡುತ್ತಾರೆ. ಕೇಬಲನ್ನು ಹೊರಗೆ ತೆಗೆಯಲು ಎಷ್ಟು ಕಡೆ ಜಾಗವಿದೆ ಎಂದು ಕೇಳುವವರು ಕಡಿಮೆ. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯ ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳು. ಆ ಪಂಚಾಯಿತಿ ಕಚೇರಿಗಳಲ್ಲಿ ಹೆಚ್ಚಿನವು ಹೆದ್ದಾರಿಯಿಂದ ಒಳಗೆ, ಊರಿನ ರಸ್ತೆಯಲ್ಲಿರುತ್ತವೆ. ಬೈಪಾಸ್ ಆದ ಮೇಲಂತೂ ಊರೇ ರಸ್ತೆಯಿಂದ ದೂರ. ಕ್ರಾಸಿನಲ್ಲಿ ಚೇಂಬರ್ ಇಲ್ಲದಿದ್ದರೆ ಬೆಂಗಳೂರಿಗೆ ಹೋಗುವ ಫೈಬರ್ ಊರ ಮುಂದೆಯೇ ಹಾದುಹೋಗುತ್ತದೆ, ಊರಿನ ಶಾಲೆಗೆ ಮಾತ್ರ ನೆಟ್ ಇರುವುದಿಲ್ಲ. ಇದನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ.

ಇನ್ನೊಂದು ವಿಷಯ: ಪೈಪು ಸಾಮಾನ್ಯವಾಗಿ ಒಂದೇ ಬದಿಯಲ್ಲಿರುತ್ತದೆ. ಎದುರು ಬದಿಯ ಹಳ್ಳಿಗಳಿಗಾಗಿ ಪ್ರತಿ ಕ್ರಾಸಿನಲ್ಲೂ ರಸ್ತೆಯಡಿ ಅಡ್ಡಪೈಪು ಬೇಕು. ಡಾಂಬರು ಬೀಳುವ ಮುಂಚೆ ಅದು ಅರ್ಧ ದಿನದ ಕೆಲಸ. ಬಿದ್ದ ಮೇಲೆ ಹೊಸ ಅರ್ಜಿ, ಹೊಸ ಪರವಾನಗಿ, ಕೊರೆಯುವ ಯಂತ್ರ.

4. ಮೋರಿಗಳ ಹತ್ತಿರ ಕಣ್ಣಿಡಿ. ಅಲ್ಲಿ ಆಳ ಸಿಗದೆ ಪೈಪು ಮೇಲಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದರೆ ಎಚ್‌ಡಿಪಿಇ ಮೇಣದ ಹಾಗೆ ಕರಗಿ ಕೇಬಲಿಗೆ ಅಂಟುತ್ತದೆ. ಅಲ್ಲಿ ಅದನ್ನು ಜಿಐ (ಕಬ್ಬಿಣದ) ಪೈಪಿನೊಳಗೆ ತೂರಿಸಿ ಸುತ್ತ ಕಾಂಕ್ರೀಟ್ ಹಾಕಿಸಿ. ಖಾಲಿ ಬಿಟ್ಟ ಪೈಪುಗಳ ಎರಡೂ ತುದಿಗೆ ಮುಚ್ಚಳವಿರಲಿ. ಕೆಸರು ಹೊಕ್ಕ ಪೈಪಿನಲ್ಲಿ ಕೇಬಲ್ ಮುಂದೆ ಸಾಗುವುದಿಲ್ಲ.

5. ಮುಚ್ಚುವ ಮುಂಚೆಯೇ ನಕ್ಷೆ. ಆಳ, ರಸ್ತೆ ಮಧ್ಯದಿಂದ ದೂರ, ಜಿಪಿಎಸ್ ಬಿಂದು, ಇಷ್ಟನ್ನೂ ಗುಂಡಿ ತೆರೆದಿರುವಾಗಲೇ ಬರೆದುಕೊಳ್ಳಿ. ಅಗೆಯುವವರು ಮೊದಲೇ ತಿಳಿಸಲೆಂದು ಕೇಂದ್ರ ಸರ್ಕಾರ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ನಮ್ಮ ಪೈಪಿನ ದಾಖಲೆಯೇ ಇಲ್ಲದಿದ್ದರೆ ನೀರಿನ ಪೈಪಿಗೆ ಅಗೆಯುವ ಜೆಸಿಬಿಯವನನ್ನು ದೂರಿ ಏನು ಬಂತು?

6. ಪೈಪಿನ ಬಾಗಿಲು ಎಲ್ಲರಿಗೂ ತೆರೆದಿರಲಿ. ಹಂಚಿಕೊಂಡು ಬಳಸುವ ಡಕ್ಟ್‌ಗಳು (ಕೇಬಲ್ ಪೈಪುಗಳು) ಭೇದಭಾವವಿಲ್ಲದೆ ಎಲ್ಲ ಸೇವಾದಾರರಿಗೂ ಸಿಗಬೇಕೆಂಬುದು 2023ರ ದೂರಸಂಪರ್ಕ ಕಾಯ್ದೆಯ ಆಶಯ. ತಾಲ್ಲೂಕು ಪಟ್ಟಣಗಳಲ್ಲಿ ಮನೆಮನೆಗೆ ನೆಟ್ ಕೊಡುತ್ತಿರುವವರು ಬಹಳ ಕಡೆ ಸ್ಥಳೀಯ ಕೇಬಲ್ ಆಪರೇಟರುಗಳೇ. ಅವರು ಕೇಳುವುದು ಇಡೀ ಕಾರಿಡಾರನ್ನಲ್ಲ, ನಾಲ್ಕೈದು ಕಿ.ಮೀ. ಮಾತ್ರ. ಅಷ್ಟಕ್ಕೆ ಬಾಡಿಗೆ ದರ ಎಷ್ಟು, ಅರ್ಜಿ ಯಾರಿಗೆ, ಎಷ್ಟು ದಿನದಲ್ಲಿ ಉತ್ತರ ಎಂಬುದನ್ನು ಟೆಂಡರ್ ಕರೆಯುವ ಹೊತ್ತಿಗೇ ಬರೆದು ಪ್ರಕಟಿಸಬೇಕು.