ಧಾನ್ಯದ ಮನೆಯ ಬೆಕ್ಕಿಗೆ ಬರುವ ತುರಿಕೆಯೂ ಆಹಾರದ ಬದಲಾವಣೆಯೂ

ಧಾನ್ಯವನ್ನು ಕೂಡಿಡುವ ಮನೆಗಳಿಗೆ ಬೆಕ್ಕಿನಿಂದಾಗುವ ಉಪಕಾರವು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಒಕ್ಕಲುತನದವರಿಗೆ ಹೊಸದಾಗಿ ಹೇಳತಕ್ಕ ವಿಷಯವಲ್ಲ. ತುಂಗಭದ್ರಾ ಎಡದಂಡೆಯ ಕಾಲುವೆಯ ನೀರಿನಿಂದ ಭತ್ತವನ್ನು ಬೆಳೆಯುವ ಗಂಗಾವತಿ, ಕಾರಟಗಿ ಕಡೆಯ ಗೋದಾಮುಗಳಲ್ಲಾಗಲಿ, ಜೋಳ, ಸಜ್ಜೆ, ಕಡಲೆಗಳನ್ನು ಹಿಂದೆ ಹಗೇವುಗಳಲ್ಲಿ ತುಂಬಿ ಈಗ ಚೀಲಗಳಲ್ಲಿ ಒಟ್ಟುವ ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಾಗಲಿ, ಒಂದೆರಡು ಬೆಕ್ಕುಗಳು ಓಡಾಡಿಕೊಂಡಿರುವುದು ವಾಡಿಕೆ. ಒಂದು ಇಲಿಯು ದಿನಕ್ಕೆ ಸುಮಾರು ೧೫ರಿಂದ ೨೫ ಗ್ರಾಂ ಧಾನ್ಯವನ್ನು ತಿನ್ನುವುದು. ವರ್ಷಕ್ಕೆ ಲೆಕ್ಕ ಹಾಕಿದರೆ ಇದು ೫ರಿಂದ ೯ ಕಿಲೋ ಆಗುವುದು. ಇದಲ್ಲದೆ ಹಿಕ್ಕೆ ಮೂತ್ರಗಳಿಂದ ಕೆಡುವ ಕಾಳು ಬೇರೆ. ಬೆಕ್ಕೊಂದರಿಂದಲೇ ಹೆಗ್ಗಣಗಳು ನಿರ್ಮೂಲವಾಗುವುವೆಂದು ನಂಬುವುದು ಸರಿಯಲ್ಲ. ಬಲಿತ ಹೆಗ್ಗಣವನ್ನು ಕಂಡು ಹಿಂದೆಗೆಯುವ ಬೆಕ್ಕುಗಳೇ ಹೆಚ್ಚು. ಆದರೆ ಚಿಕ್ಕ ಇಲಿಗಳನ್ನೂ ಇಲಿಮರಿಗಳನ್ನೂ ಹಿಡಿದು ಸಂತತಿಯು ಬೆಳೆಯದಂತೆ ತಡೆಯುವುದರಲ್ಲಿ ಅದಕ್ಕೆ ಸಮನಾದ ಸಾಕುಪ್ರಾಣಿಯಿಲ್ಲ.

ಇಂತಹ ಬೆಕ್ಕು ಒಮ್ಮೊಮ್ಮೆ ಹಗಲಿರುಳೆನ್ನದೆ ಮೈ ಕೆರೆದುಕೊಳ್ಳತೊಡಗುವುದು. ಕತ್ತಿನ ಮೇಲೂ ಕಿವಿಯ ಬುಡದಲ್ಲಿಯೂ ಕೂದಲು ಉದುರಿ ಹಸಿಗಾಯಗಳಾಗುವುವು. ಹೊಟ್ಟೆಯ ಕೆಳಭಾಗವನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಳ್ಳುವುದು. ಮನೆಯವರು ಇದನ್ನು ಕಜ್ಜಿಯೆಂದು ತಿಳಿದು, ಸೀಮೆಎಣ್ಣೆಯನ್ನೋ, ಯಂತ್ರದಿಂದ ತೆಗೆದ ಹಳೆಯ ಎಣ್ಣೆಯನ್ನೋ, ದನಗಳ ಉಣ್ಣೆಗೆಂದು ತಂದಿಟ್ಟ ಔಷಧವನ್ನೋ ಬಳಿಯುವುದುಂಟು. ಇಲ್ಲವೆ ಗೋಣಿಚೀಲದಲ್ಲಿ ಕಟ್ಟಿ ಊರಾಚೆಗೆ ಬಿಟ್ಟುಬರುವುದುಂಟು. ಮೊದಲನೆಯದರಿಂದ ಬೆಕ್ಕು ಸಾಯುವುದು. ಎರಡನೆಯದರಿಂದ ಮನೆಗೆ ಇಲಿ ಸೇರುವುದು. ಇವೆರಡೂ ಇಲ್ಲದೆ ರೋಗವನ್ನು ಗುಣಪಡಿಸುವ ದಾರಿಯುಂಟು.

ಮೊದಲು ವಿಷದ ಮಾತು. ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಔಷಧಗಳನ್ನು ಎತ್ತು ಎಮ್ಮೆಗಳ ಮೈ ಸಹಿಸುವುದು. ಬೆಕ್ಕಿನ ಯಕೃತ್ತಿಗೆ ಇವುಗಳನ್ನು ಕರಗಿಸಿ ಹೊರಹಾಕುವ ಶಕ್ತಿಯು ಬಹಳ ಕಡಿಮೆ. ಅದೂ ಅಲ್ಲದೆ ಮೈಮೇಲೆ ಏನನ್ನು ಬಳಿದರೂ ಬೆಕ್ಕು ಅದನ್ನು ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುವುದು. ಕೆಲವು ಗಂಟೆಗಳಲ್ಲಿ ನಡುಕ ಹತ್ತಿ, ಸೆಳವು ಬಂದು ಪ್ರಾಣ ಹೋಗುವುದು. ಭತ್ತದ ಗದ್ದೆಗೆ ಎರಚುವ ಫಿಪ್ರೊನಿಲ್ ಹರಳುಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಅದೇ ಹೆಸರಿನ ಔಷಧವನ್ನು ಪಶುವೈದ್ಯರು ಬೆಕ್ಕಿನ ಕತ್ತಿನ ಹಿಂಭಾಗಕ್ಕೆ ಹನಿಯಾಗಿ ಹಾಕುವುದು ನಿಜ. ಆದರೆ ಅದರ ಪ್ರಮಾಣವೂ ತಯಾರಿಕೆಯೂ ಬೇರೆ. ಪೈರಿನ ಔಷಧವನ್ನು ಪ್ರಾಣಿಯ ಮೈಗೆ ಎಂದಿಗೂ ಹಚ್ಚಕೂಡದು.

ತುರಿಕೆಯ ಕಾರಣಗಳನ್ನು ಬೇರ್ಪಡಿಸುವುದು

ಆಹಾರವನ್ನು ಬದಲಿಸುವುದಕ್ಕೆ ಮೊದಲು ಬೇರೆ ಕಾರಣಗಳಿಲ್ಲವೆಂಬುದನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಇವುಗಳಲ್ಲಿ ಬಹು ಸಾಮಾನ್ಯವಾದುದು ಚಿಗಟ. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಒಂದೆರಡು ಚಿಗಟಗಳು ಕಡಿದರೂ ಸಾಕು, ಬಾಲದ ಬುಡದಲ್ಲಿಯೂ ತೊಡೆಯ ಹಿಂಭಾಗದಲ್ಲಿಯೂ ಉಗ್ರವಾದ ತುರಿಕೆ ಏಳುವುದು. ಬೆಕ್ಕು ಚಿಗಟಗಳನ್ನು ನೆಕ್ಕಿ ನುಂಗಿಬಿಡುವುದರಿಂದ ಅವು ಕಣ್ಣಿಗೆ ಬೀಳದಿರಬಹುದು. ಪರೀಕ್ಷೆ ಸುಲಭ: ಸಣ್ಣ ಹಲ್ಲಿನ ಹೇನುಬಾಚಣಿಗೆಯಿಂದ ಬಾಚಿ, ಬಂದ ಕಪ್ಪು ಕಣಗಳನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಉದುರಿಸತಕ್ಕದ್ದು. ಕಣಗಳ ಸುತ್ತಲೂ ಕೆಂಪುಗಂದು ಬಣ್ಣವು ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಬೆಕ್ಕಿನದೇ ರಕ್ತ. ಬರಿಯ ಧೂಳಾದರೆ ಬಣ್ಣ ಹರಡುವುದಿಲ್ಲ. ಚಿಗಟದ ಮೊಟ್ಟೆ ಮರಿಗಳು ಬೆಕ್ಕಿನ ಮೈಮೇಲಿರುವುದಕ್ಕಿಂತ ಅದು ಮಲಗುವ ಗೋಣಿತಟ್ಟಿನಲ್ಲಿಯೂ ನೆಲದ ಬಿರುಕುಗಳಲ್ಲಿಯೂ ಹೆಚ್ಚಾಗಿರುವುವು. ಆದುದರಿಂದ ಚೀಲಗಳನ್ನು ಬಿಸಿಲಿಗೆ ಹಾಕಿ, ನೆಲವನ್ನು ಗುಡಿಸಿ ಕಸವನ್ನು ಸುಟ್ಟುಹಾಕದೆ ಬೆಕ್ಕಿಗೆ ಮಾತ್ರ ಔಷಧ ಹಾಕಿದರೆ ಫಲವಿಲ್ಲ.

ಕಿವಿಯ ಅಂಚಿನಿಂದ ಮೊದಲಾಗಿ ಮುಖದ ಮೇಲೆ ದಪ್ಪ ಹಕ್ಕಳೆ ಕಟ್ಟಿಕೊಂಡು ಬರುವುದು ನುಸಿಯಿಂದಾಗುವ ಕಜ್ಜಿ. ದುಂಡಗೆ ಕೂದಲುದುರಿ ಬೂದಿ ಬಣ್ಣದ ಹೊಟ್ಟು ಕಾಣುವುದು ಹುಳುಕಡ್ಡಿ. ಇದು ಬೆಕ್ಕನ್ನು ಎತ್ತಿಕೊಳ್ಳುವ ಮಕ್ಕಳಿಗೂ ತಗಲುವುದು. ಇವೆರಡಕ್ಕೂ ಆಹಾರಕ್ಕೂ ಸಂಬಂಧವಿಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಚರ್ಮವನ್ನು ಕೆರೆದು ನೋಡಿ ಔಷಧವನ್ನು ಗೊತ್ತುಮಾಡುವರು.

ಆಹಾರ ಒಗ್ಗದೆ ಬರುವ ತುರಿಕೆಯ ಲಕ್ಷಣಗಳು ಬೇರೆ. ಅದು ಮಳೆಗಾಲ, ಬೇಸಿಗೆಯೆಂಬ ಭೇದವಿಲ್ಲದೆ ವರ್ಷವಿಡೀ ಇರುವುದು. ತಲೆ, ಮುಖ, ಕತ್ತುಗಳಲ್ಲಿ ಹೆಚ್ಚು. ಬೆನ್ನಿನ ಮೇಲೆ ಕೈಯಾಡಿಸಿದರೆ ಕೂದಲಿನ ನಡುವೆ ಸಜ್ಜೆಯ ಕಾಳಿನಂತಹ ಸಣ್ಣ ಗಟ್ಟಿ ಹಕ್ಕಳೆಗಳು ಬೆರಳಿಗೆ ತಾಗುವುವು. ವಿಲಾಯತಿಯ ವೈದ್ಯರೂ ಈ ಲಕ್ಷಣಕ್ಕೆ ಕಿರುಧಾನ್ಯದ ಕಾಳಿನಿಂದಲೇ ಹೆಸರಿಟ್ಟಿರುವರು. ಆದರೆ ಈ ಹಕ್ಕಳೆಗಳು ಚಿಗಟದಿಂದಲೂ ಏಳಬಹುದಾದುದರಿಂದ ಇದೊಂದನ್ನೇ ನಂಬಬಾರದು. ಕೆಲವು ಬೆಕ್ಕುಗಳಿಗೆ ಜತೆಯಲ್ಲಿ ವಾಂತಿ, ಭೇದಿಗಳೂ ಇರುವುವು.

ಒಗ್ಗದಿರುವುದು ಯಾವುದು

ಹೊಸ ಆಹಾರ ಕೊಟ್ಟುದರಿಂದ ತುರಿಕೆ ಬಂದಿತೆಂದು ಜನರು ಊಹಿಸುವುದು ಸಹಜ. ವಾಸ್ತವದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿಂದು ಅಭ್ಯಾಸವಾದ ಪದಾರ್ಥವೇ ಒಂದು ದಿನ ಒಗ್ಗದಂತಾಗುವುದು. ಪ್ರೋಟೀನು ಎಂಬ ಸಸಾರಜನಕ ಪದಾರ್ಥವನ್ನು ಮೈಯೊಳಗಿನ ರಕ್ಷಣಾಶಕ್ತಿಯು ಶತ್ರುವೆಂದು ಬಗೆಯುವುದೇ ಇದಕ್ಕೆ ಕಾರಣ. ಮುಲ್ಲರ್, ಆಲಿವ್ರಿ, ಪ್ರೆಲೋ ಎಂಬ ಪಶುವೈದ್ಯ ಪಂಡಿತರು ೨೦೧೬ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇಂತಹ ೭೮ ಬೆಕ್ಕುಗಳ ಪೈಕಿ ೧೪ಕ್ಕೆ ದನದ ಮಾಂಸವೂ, ೧೩ಕ್ಕೆ ಮೀನೂ, ೪ಕ್ಕೆ ಕೋಳಿಯೂ ಒಗ್ಗದೆ ಇದ್ದುವು. ಗೋಧಿ, ಮೆಕ್ಕೆಜೋಳ, ಹಾಲುಗಳಿಂದ ತೊಂದರೆಯಾದುವು ಇನ್ನೂ ಕಡಿಮೆ. ಅನ್ನ ರೊಟ್ಟಿಗಳ ಮೇಲೆ ಹೊರಿಸುವ ದೋಷವು ಬಹುಪಾಲು ಮಾಂಸ ಮೀನುಗಳದೆಂದು ಇದರಿಂದ ತಿಳಿಯಬಹುದು.

ಹಾಗೆಂದು ಮಾಂಸವನ್ನೇ ಬಿಡಿಸಿ ಬರಿಯ ಹಾಲು ಅನ್ನದ ಮೇಲೆ ಬೆಕ್ಕನ್ನಿಡುವುದು ಮತ್ತೊಂದು ಕೇಡಿಗೆ ದಾರಿ. ನಾಯಿ ಅನ್ನ ರೊಟ್ಟಿಯ ಮೇಲೆ ಹೇಗೋ ಜೀವಿಸಬಹುದು. ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥವನ್ನು ಅದು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಅದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಒಳಪರೆ ಕೆಟ್ಟು ಕುರುಡಾಗುವುದೆಂದು ೧೯೭೫ರಲ್ಲಿಯೂ, ಹೃದಯವು ಹಿಗ್ಗಿ ದುರ್ಬಲವಾಗುವುದೆಂದು ೧೯೮೭ರಲ್ಲಿಯೂ ಅಮೆರಿಕೆಯ ಶಾಸ್ತ್ರಜ್ಞರು ತೋರಿಸಿಕೊಟ್ಟರು. ಹಾಲು ಮಜ್ಜಿಗೆಯ ಮನೆಯ ಬೆಕ್ಕು ಇಷ್ಟು ದಿನ ಬದುಕಿರುವುದು ಮನೆಯವರು ಹಾಕಿದುದರಿಂದಲ್ಲ. ಅದು ತಾನೇ ಹಿಡಿದು ತಿಂದ ಇಲಿಗಳಿಂದ.

ಎಂಟು ವಾರಗಳ ಪರೀಕ್ಷೆ

ರಕ್ತಪರೀಕ್ಷೆಯಿಂದ ಈ ರೋಗವನ್ನು ಖಂಡಿತವಾಗಿ ಕಂಡುಹಿಡಿಯಲಾಗದು. ಬೆಕ್ಕು ಹಿಂದೆ ತಿಂದಿರದ ಒಂದೇ ಒಂದು ಮಾಂಸವನ್ನು ಕೊಟ್ಟು, ಉಳಿದುದೆಲ್ಲವನ್ನೂ ನಿಲ್ಲಿಸಿ ನೋಡುವುದೊಂದೇ ನಂಬತಕ್ಕ ಕ್ರಮ. ಕಾಲಾವಧಿ ಎಂಟು ವಾರಗಳು. ಆಹಾರದಿಂದ ತುರಿಕೆ ಬಂದ ನಾಯಿ ಬೆಕ್ಕುಗಳಲ್ಲಿ ನೂರಕ್ಕೆ ೯೦ಕ್ಕೂ ಹೆಚ್ಚು ಇಷ್ಟರೊಳಗೆ ಗುಣ ತೋರುವುವೆಂದು ೨೦೧೫ರಲ್ಲಿ ಅದೇ ಪಂಡಿತರು ಗೊತ್ತುಮಾಡಿದರು. ಹದಿನೈದು ದಿನ ನೋಡಿ ಕೈಬಿಡುವುದರಿಂದ ಶ್ರಮ ಮಾತ್ರ ವ್ಯರ್ಥ.

ಮಾಂಸದ ಆಯ್ಕೆಯು ಆಯಾ ಮನೆಯ ರೂಢಿಯನ್ನು ನೋಡಿಕೊಂಡು ಆಗಬೇಕು. ಮುನಿರಾಬಾದ್, ಗಂಗಾವತಿ ಕಡೆ ಮೀನು, ಒಣಮೀನು, ಕೋಳಿಯ ಚೂರುಗಳ ಮೇಲೆ ಬೆಳೆದ ಬೆಕ್ಕಿಗೆ ಆಡಿನ ಮಾಂಸವು ತಕ್ಕುದು. ಕುರಿ ಸಾಕಣೆ ಹೆಚ್ಚಾಗಿರುವ ಕುಷ್ಟಗಿ, ಯಲಬುರ್ಗಾ ಕಡೆಯಲ್ಲಿ ಕುರಿಯ ಮಾಂಸವನ್ನು ತಿಂದ ಬೆಕ್ಕಿಗೆ ಆಡು ಹೊಸದೆನಿಸದು. ಅವೆರಡರ ಸಸಾರಜನಕಾಂಶಗಳು ಸಮೀಪದವು. ಅಂತಹುದಕ್ಕೆ, ಹಿಂದೆ ತಿಂದಿರದಿದ್ದರೆ, ಕೋಳಿ. ಅದನ್ನೂ ತಿಂದಿದ್ದರೆ ಸಾಕಿದ ಮೊಲ. ಕಾಡುಮೊಲ, ಕೌಜುಗಗಳನ್ನು ಹಿಡಿಯುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬೆಕ್ಕಿನ ನೆಪದಿಂದ ಅದು ಧರ್ಮವಾಗದು.

ಮಾಂಸವನ್ನು ಉಪ್ಪು, ಖಾರ, ಎಣ್ಣೆಗಳಿಲ್ಲದೆ ನೀರಿನಲ್ಲಿ ಬೇಯಿಸಿ, ಎಲುಬನ್ನು ತೆಗೆದು, ಬೇಯಿಸಿದ ನೀರಿನೊಡನೆಯೇ ಕೊಡತಕ್ಕದ್ದು. ಟಾರಿನ್ ನೀರಿನಲ್ಲಿ ಕರಗುವುದರಿಂದ ಆ ನೀರನ್ನು ಚೆಲ್ಲಿದರೆ ಸಾರವನ್ನೇ ಚೆಲ್ಲಿದಂತಾಗುವುದು. ಅದೇ ಪ್ರಾಣಿಯ ಹೃದಯದಲ್ಲಿ ಟಾರಿನ್ ವಿಶೇಷವಾಗಿದೆ. ಸಿಕ್ಕಿದರೆ ಸ್ವಲ್ಪ ಕೂಡಿಸುವುದು ಒಳ್ಳೆಯದು. ಮನೆಯಲ್ಲಿ ಮಾಡಿದ ಸಾರಿನ ಮಾಂಸವನ್ನು ತೊಳೆದು ಹಾಕುವುದು ಸಲ್ಲದು. ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ಒಡೆದು ಪಾಂಡುರೋಗವನ್ನುಂಟುಮಾಡುವುವು. ೩ರಿಂದ ೪ ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ೧೫೦ರಿಂದ ೨೦೦ ಗ್ರಾಂ ಹಸಿಮಾಂಸದ ಲೆಕ್ಕದಲ್ಲಿ ಮೂರು ನಾಲ್ಕು ಸಲ ಹಂಚಿಕೊಡಬಹುದು. ಹಾಲೂ ನಿಲ್ಲಬೇಕು, ಕುಡಿಯಲು ನೀರಿದ್ದರೆ ಸಾಕು. ಬೆಳೆಯುವ ಮರಿಗಳಿಗೂ ಗಬ್ಬವಾದ ಬೆಕ್ಕಿಗೂ ಬರಿಯ ಮಾಂಸದಲ್ಲಿ ಸುಣ್ಣದ ಅಂಶ ಸಾಲದು. ಅವುಗಳ ವಿಷಯದಲ್ಲಿ ಪಶುವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಹಳೆಯ ಆಹಾರವನ್ನು ಒಮ್ಮೆಗೇ ನಿಲ್ಲಿಸದೆ, ಏಳೆಂಟು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊಸದನ್ನು ಬೆರೆಸುತ್ತ ಬರತಕ್ಕದ್ದು. ಹಳೆಯದು ಪೂರ್ತಿ ನಿಂತ ದಿನದಿಂದ ಎಂಟು ವಾರಗಳ ಎಣಿಕೆ. ಹಸಿವಾದರೆ ತಾನೇ ತಿಂದೀತೆಂದು ಬೆಕ್ಕನ್ನು ಉಪವಾಸ ಕೆಡವುವುದು ಅತ್ಯಂತ ಅಪಾಯಕರ. ಎರಡು ಮೂರು ದಿನ ಆಹಾರವಿಲ್ಲದಿದ್ದರೆ, ಮುಖ್ಯವಾಗಿ ಕೊಬ್ಬಿದ ಬೆಕ್ಕಿನಲ್ಲಿ, ಯಕೃತ್ತಿನೊಳಗೆ ಕೊಬ್ಬು ತುಂಬಿ ಕಾಮಾಲೆಯಾಗಿ ಸಾಯುವುದುಂಟು. ವಾರಕ್ಕೊಮ್ಮೆ ಚೀಲದಲ್ಲಿಟ್ಟು ತೂಗಿ ಬರೆದಿಡಬೇಕು. ಹತ್ತರಲ್ಲೊಂದು ಪಾಲು ತೂಕ ಇಳಿದರೆ ಪರೀಕ್ಷೆಯನ್ನು ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.

ಇಲ್ಲಿ ಒಂದು ದೊಡ್ಡ ತೊಡಕುಂಟು. ಇಲಿ ಹಿಡಿಯಲೆಂದೇ ಸಾಕಿದ ಬೆಕ್ಕು ಒಂದು ಇಲಿಯನ್ನೋ ಹಲ್ಲಿಯನ್ನೋ ತಿಂದರೂ, ನೆರೆಮನೆಯಲ್ಲಿ ಒಂದು ಬಟ್ಟಲು ಹಾಲು ಕುಡಿದರೂ ಪರೀಕ್ಷೆಯ ಅರ್ಥ ಕೆಡುವುದು. ಎಂಟು ವಾರ ಅದನ್ನು ಗಾಳಿ ಬೆಳಕಿರುವ ಒಂದು ಕೋಣೆಯಲ್ಲಿ ಕೂಡಿಹಾಕದೆ ಗತ್ಯಂತರವಿಲ್ಲ. ಆದುದರಿಂದ ಸುಗ್ಗಿಯ ದಿನಗಳಲ್ಲಿ ಇದಕ್ಕೆ ಕೈಹಾಕುವುದು ಜಾಣತನವಲ್ಲ. ಕಾಲುವೆಯ ಕೆಳಗಿನ ಭತ್ತದ ಎರಡು ಕೊಯ್ಲುಗಳು ನವೆಂಬರ್–ಡಿಸೆಂಬರಿನಲ್ಲಿಯೂ ಏಪ್ರಿಲ್–ಮೇ ತಿಂಗಳಲ್ಲಿಯೂ ಬರುವುವು. ಆಗ ಬೆಕ್ಕು ಗೋದಾಮಿನಲ್ಲಿರಬೇಕು. ದಾಸ್ತಾನು ಇಳಿದಿರುವ ಆಗಸ್ಟ್, ಸೆಪ್ಟೆಂಬರು ತಿಂಗಳುಗಳು ಅನುಕೂಲ. ಆದರೆ ಮಳೆಗಾಲದಲ್ಲಿ ಚಿಗಟ ಹೆಚ್ಚುವುದರಿಂದ ಅದರ ಔಷಧವನ್ನು ತಪ್ಪಿಸಬಾರದು. ಬೆಕ್ಕಿಲ್ಲದ ಆ ಅವಧಿಗೆ ಇಲಿಬೋನುಗಳನ್ನು ಇಡಬಹುದು. ಜಿಂಕ್ ಫಾಸ್ಫೈಡಿನಂತಹ ಪಾಷಾಣವನ್ನು ಇಡುವುದು ಬೇಡ; ಪಾಷಾಣ ತಿಂದು ಸತ್ತ ಇಲಿಯನ್ನು ನೆರೆಯವರ ಬೆಕ್ಕು, ನಾಯಿಗಳು ತಿನ್ನುವುವು.

ಮಾಂಸವನ್ನು ಹೊಸ್ತಿಲೊಳಗೆ ತರದ ಮನೆತನಗಳು ಈ ಸೀಮೆಯಲ್ಲಿ ಬಹಳ. ಅಂತಹವರು ಬೆಕ್ಕನ್ನು ಎರಡು ತಿಂಗಳು ಮಾಂಸ ಬೇಯಿಸುವ ಆಳಿನ ಮನೆಯಲ್ಲಿ ಇಡಬಹುದು. ಅಥವಾ ಸಸಾರಜನಕಾಂಶವನ್ನು ಬಹು ಸೂಕ್ಷ್ಮವಾಗಿ ಒಡೆದು ತಯಾರಿಸಿದ ಒಣ ಆಹಾರವನ್ನು ಪಶುವೈದ್ಯರ ಮೂಲಕ ತರಿಸಬಹುದು. ಅದಕ್ಕೆ ಬೇಯಿಸುವ ಕೆಲಸವಿಲ್ಲ, ಪೋಷಕಾಂಶಗಳೂ ಸಮನಾಗಿರುವುವು. ಆದರೆ ಬೆಲೆ ಹೆಚ್ಚು. ಅದರಲ್ಲಿಯೂ ಪ್ರಾಣಿಜನ್ಯ ಪದಾರ್ಥವಿರುವುದುಂಟು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಪರೀಕ್ಷೆಯ ನಡುವೆ ತುರಿಕೆ ಶಮನಕ್ಕೆ ಸ್ಟೀರಾಯ್ಡಿನ ಸೂಜಿ ಹಾಕಿಸಿದ್ದರೆ, ಗುಣವು ಆಹಾರದಿಂದಲೋ ಸೂಜಿಯಿಂದಲೋ ಎಂಬುದು ತಿಳಿಯದು. ಅದರ ಪ್ರಭಾವ ಇಳಿದ ಮೇಲೂ ಬೆಕ್ಕು ಕೆರೆಯದಿದ್ದರೆ ಮಾತ್ರ ನಂಬಬಹುದು. ಎಂಟು ವಾರಗಳಲ್ಲಿ ಗಾಯ ಒಣಗಿ ಕೂದಲು ಬಂದರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡತಕ್ಕದ್ದು. ಗುಣವಾದುದನ್ನು ಕೆಡಿಸುವುದೇಕೆಂದು ಅನೇಕರು ಇದನ್ನು ಬಿಡುವರು. ಆದರೆ ಇದಿಲ್ಲದೆ ಕಾರಣವು ಸ್ಥಿರಪಡದು. ಚಿಗಟ ಹೋದುದರಿಂದಲೂ ಗುಣವಾಗಿರಬಹುದು. ಹಳೆಯ ಆಹಾರವೇ ದೋಷಿಯಾದರೆ ಎರಡು ವಾರಗಳೊಳಗೆ, ಒಮ್ಮೊಮ್ಮೆ ಒಂದೇ ದಿನದಲ್ಲಿ, ತುರಿಕೆ ಮರುಕಳಿಸುವುದು. ಆಗ ಮತ್ತೆ ಹೊಸ ಆಹಾರಕ್ಕೆ ತಂದು, ಶಾಂತವಾದ ಮೇಲೆ ಮೀನು, ಕೋಳಿ, ಹಾಲು, ರೊಟ್ಟಿಗಳನ್ನು ಒಂದೊಂದಾಗಿ, ಒಂದೊಂದನ್ನು ಎರಡು ವಾರಗಳಂತೆ ಸೇರಿಸಿ ನೋಡಿದರೆ ಒಗ್ಗದಿರುವುದು ಯಾವುದೆಂದು ಗೊತ್ತಾಗುವುದು. ಮುಂದೆ ಅದೊಂದನ್ನು ತಪ್ಪಿಸಿದರೆ ಸಾಕು. ಸಾಮಾನ್ಯವಾಗಿ ಇಲಿ ಹಿಡಿಯುವುದನ್ನು ನಿಲ್ಲಿಸಬೇಕಾಗಿಲ್ಲ. ಬೆಕ್ಕನ್ನು ಗೋದಾಮಿಗೆ ಬಿಟ್ಟ ಮೇಲೆಯೂ ಮೈ ಶುದ್ಧವಾಗಿಯೇ ಇದ್ದರೆ ಇಲಿಯು ನಿರಪರಾಧಿ.

ಎಂಟು ವಾರಗಳಾದರೂ ತುರಿಕೆ ಹಾಗೆಯೇ ಇದ್ದರೆ ಆಹಾರವು ಕಾರಣವಲ್ಲವೆಂದು ತಿಳಿದು ಹಳೆಯ ಆಹಾರಕ್ಕೇ ಮರಳಬಹುದು. ಗೋದಾಮಿನ ಧೂಳು, ಹಳೆಯ ಧಾನ್ಯದಲ್ಲಿ ಬೆಳೆಯುವ ನುಸಿ, ಹುಲ್ಲಿನ ಪರಾಗ ಇವುಗಳೂ ಕೆಲವು ಬೆಕ್ಕುಗಳಿಗೆ ಒಗ್ಗವು. ಆಗ ತೂಕದ ಪಟ್ಟಿಯನ್ನೂ ಯಾವ ದಿನ ಏನು ಕೊಡಲಾಯಿತೆಂಬ ಬರಹವನ್ನೂ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋದರೆ, ವೈದ್ಯರು ಮೊದಲಿನಿಂದ ಆರಂಭಿಸುವ ಶ್ರಮ ತಪ್ಪುವುದು.